ಕೊಡಗಿನ ಶಾಲೆಯಲ್ಲಿ ಹಬ್ಬದ ದಿನಗಳು: ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಗೂ ಒಂದು ಕೈಪಿಡಿ

ಕೊಡಗಿನ ಯಾವುದಾದರೂ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕ ತೆಗೆದು ನೋಡಿ. ಒಂದೇ ತರಗತಿಯಲ್ಲಿ ಕೊಡವರ ಮನೆಯ ಮಗು, ಅರೆಭಾಷೆ ಗೌಡರ ಮಗು, ಮಾಪಿಳ್ಳೆ ಮಗು, ಹಾಡಿಯಿಂದ (ಬುಡಕಟ್ಟು ಜನರ ವಸತಿ) ಬರುವ ಎರವ ಮತ್ತು ಕುರುಬ ಮಕ್ಕಳು, ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಯ ತಮಿಳು, ಮಲಯಾಳಂ, ಅಸ್ಸಾಮಿ ಮಕ್ಕಳು ಕೂತಿರುತ್ತಾರೆ. ಕುಶಾಲನಗರದ ಕಡೆ ಇದಕ್ಕೆ ಟಿಬೆಟನ್ ಮಕ್ಕಳೂ ಸೇರುತ್ತಾರೆ. ಇಷ್ಟು ಮನೆಗಳ ಹಬ್ಬಗಳನ್ನು ಒಂದು ಶಾಲೆ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ಶಾಲೆ ನೋಡಿಕೊಳ್ಳಬೇಕಾದದ್ದು ಇಷ್ಟೇ: ತನ್ನ ಹಬ್ಬದಿಂದಾಗಲಿ, ಇನ್ನೊಬ್ಬರ ಹಬ್ಬದಿಂದಾಗಲಿ, ಯಾವ ಮಗುವೂ ಪಾಠ, ಹಾಜರಿ, ಊಟ, ಮರ್ಯಾದೆ ಈ ನಾಲ್ಕರಲ್ಲಿ ಒಂದನ್ನೂ ಕಳೆದುಕೊಳ್ಳಬಾರದು. ಹಬ್ಬದ ಹಿಂದಿನ ದಿನ ಯೋಚಿಸಿದರೆ ಇದು ಆಗುವುದಿಲ್ಲ. ಕೆಲಸ ಜೂನ್‌ನಲ್ಲಿ ಶುರುವಾಗಬೇಕು.

ಮೊದಲು ಕಾನೂನು, ಎರಡೇ ಮಾತು

ಸಂವಿಧಾನದ 28ನೇ ವಿಧಿ ಶಾಲೆಗೆ ನೇರವಾಗಿ ಸಂಬಂಧಿಸಿದ್ದು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಬೇರೆ ಶಾಲೆಗಳಲ್ಲಿ ಧಾರ್ಮಿಕ ಬೋಧನೆಗೋ ಪೂಜೆ ಪ್ರಾರ್ಥನೆಗೋ ಮಗುವನ್ನು ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡದ ಮನೆಯ ಮಗುವನ್ನು ಬಲವಂತ ಮಾಡುವಂತಿಲ್ಲ. ಕೇರಳದ ಮೂವರು ಮಕ್ಕಳು ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ, ಆದರೆ ಗೌರವದಿಂದ ಎದ್ದು ನಿಂತಿದ್ದಾಗ ಶಾಲೆ ಅವರನ್ನು ಹೊರಹಾಕಿತು. ಅದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಪು ಕೊಟ್ಟಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಿರುವಾಗ ಪೂಜೆಯ ಸಾಲಿನಲ್ಲಿ ನಿಲ್ಲಲೇಬೇಕೆಂದು ಯಾವ ಮಗುವಿಗೂ ಹೇಳಲಾಗದು.

ಇನ್ನೊಂದು ಮಾತು. ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಅಡ್ಡಿಯಿಲ್ಲ. ಹೊಸ ಭತ್ತದ ಕದಿರು ತೆಗೆಯುವ ಹುತ್ತರಿ ಹಬ್ಬ ಎಂದರೇನು, ರಂಜಾನ್ ಉಪವಾಸ ಹೇಗೆ ನಡೆಯುತ್ತದೆ, ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಯಾರ್ಯಾರಿರುತ್ತಾರೆ ಎಂದು ಪಾಠ ಮಾಡುವುದು ಬೇರೆ, ಮಕ್ಕಳ ಕೈಯಲ್ಲಿ ಆರತಿ ಎತ್ತಿಸುವುದು ಬೇರೆ. ಈ ಗೆರೆ ಮನಸ್ಸಿನಲ್ಲಿದ್ದರೆ ಮುಂದಿನ ಹತ್ತಾರು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಜೂನ್ ಮೊದಲ ವಾರ: ದಿನಗಳ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ ಬೇಕು. 6ರಿಂದ 8ಕ್ಕೆ 220 ದಿನ, 1000 ಗಂಟೆ. ಬಯಲುಸೀಮೆಯ ಶಾಲೆಗೆ ಈ ಲೆಕ್ಕ ಅಷ್ಟು ಬಿಗಿಯಾಗದು. ಕೊಡಗಿನಲ್ಲಿ ಬಿಗಿಯಾಗುತ್ತದೆ, ಕಾರಣ ಮಳೆ. ಜುಲೈ, ಆಗಸ್ಟ್‌ನಲ್ಲಿ ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆ ಎಷ್ಟು ದಿನ ಎಂದು ಮೊದಲೇ ಹೇಳಲು ಯಾರಿಂದಲೂ ಆಗದು. 2018ರ ಆಗಸ್ಟ್‌ನ ಭೂಕುಸಿತದಂಥ ವರ್ಷ ಬಂದರೆ ಲೆಕ್ಕವೇ ಬುಡಮೇಲಾಗುತ್ತದೆ. ಹಾಗಾಗಿ ಇಲ್ಲಿ ಹಬ್ಬದ ರಜೆಯೂ ಮಳೆಯ ರಜೆಯೂ ಒಂದೇ ಗಂಟಿನಿಂದ ಹೋಗುತ್ತವೆ. ಆಗಸ್ಟ್‌ನಲ್ಲಿ ಕಳೆದುಕೊಂಡದ್ದನ್ನು ಡಿಸೆಂಬರ್‌ನ ಹಬ್ಬದ ದಿನ ವಸೂಲು ಮಾಡಲು ಹೊರಟಾಗಲೇ ಊರಿನಲ್ಲಿ ಜಗಳ ಹುಟ್ಟುವುದು.

ಮಾಡುವ ಕ್ರಮ ಹೀಗೆ:

1. ಇಲಾಖೆಯ ಆ ವರ್ಷದ ಶೈಕ್ಷಣಿಕ ಮಾರ್ಗಸೂಚಿಯಿಂದ ದಸರಾ ರಜೆ, ಬೇಸಿಗೆ ರಜೆ, ಸ್ಥಳೀಯ ರಜೆಯ ಮಿತಿ ಇವನ್ನು ಬರೆದುಕೊಳ್ಳಿ.

2. ಸರ್ಕಾರದ ಸಾರ್ವತ್ರಿಕ ರಜೆ ಪಟ್ಟಿಯನ್ನು ಪಕ್ಕದಲ್ಲಿಡಿ. ಇದು ಜನವರಿಯಿಂದ ಡಿಸೆಂಬರ್‌ವರೆಗಿನ ಪಟ್ಟಿ. ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್‌ವರೆಗಿನದು. ಅಂದರೆ ಜನವರಿಯ ಆಚೆಗಿನ ರಜೆಗಳು ಜೂನ್‌ನಲ್ಲಿ ನಿಮ್ಮ ಕೈಯಲ್ಲಿರುವುದಿಲ್ಲ. ಹೊಸ ಪಟ್ಟಿ ವರ್ಷದ ಕೊನೆಗೆ ಬರುತ್ತದೆ. ಆದ್ದರಿಂದ ಯೋಜನೆ ಎರಡು ಕಂತಿನಲ್ಲಿ, ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ. ಭಾನುವಾರ ಬೀಳುವ ಹಬ್ಬ ಆ ಪಟ್ಟಿಯಲ್ಲಿ ಇರುವುದಿಲ್ಲ, ಮರೆತಿದ್ದಾರೆ ಎಂದುಕೊಳ್ಳಬೇಡಿ.

3. ಪಟ್ಟಿಯ ಕೊನೆಯ ಟಿಪ್ಪಣಿಗಳನ್ನು ಓದಿ. ಕೊಡಗು ಜಿಲ್ಲೆಗೆ ಮಾತ್ರ ಅನ್ವಯಿಸುವ ಕೈಲ್ ಮುಹೂರ್ತ (ಕೈಲ್‌ಪೊಳ್ದ್, ಆಯುಧಗಳ ಹಬ್ಬ), ತುಲಾ ಸಂಕ್ರಮಣ (ಕಾವೇರಿ ಸಂಕ್ರಮಣ), ಹುತ್ತರಿ ಈ ಮೂರು ಸ್ಥಳೀಯ ರಜೆಗಳು ಅಲ್ಲಿರುತ್ತವೆ. ಹೊರಜಿಲ್ಲೆಯಿಂದ ಹೊಸದಾಗಿ ಬಂದ ಶಿಕ್ಷಕರು ಮೇಲಿನ ಕೋಷ್ಟಕ ಮಾತ್ರ ನೋಡಿ ಆ ದಿನಗಳಿಗೆ ಕಿರುಪರೀಕ್ಷೆ ಇಟ್ಟುಬಿಡುವುದುಂಟು.

4. ಉಳಿದ ದಿನಗಳನ್ನು ಎಣಿಸಿ, ಅದರಿಂದ ಮಳೆಗೆಂದು ಕನಿಷ್ಠ 12 ದಿನ ತೆಗೆದಿಡಿ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ಶಾಲೆಗಳು 15 ಇಟ್ಟುಕೊಳ್ಳುವುದು ಕ್ಷೇಮ.

5. ಸ್ಥಳೀಯ ರಜೆಯ ಅಷ್ಟೂ ದಿನವನ್ನು ಜೂನ್‌ನಲ್ಲೇ ಹಂಚಿಬಿಡಬೇಡಿ. ಒಂದನ್ನಾದರೂ ಫೆಬ್ರವರಿಯವರೆಗೆ ಉಳಿಸಿ. ಊರ ದೇವರ ನಮ್ಮೆ (ಹಬ್ಬ), ಮಾರಿ ಹಬ್ಬ, ಉರೂಸ್ ಇವುಗಳ ದಿನ ತಡವಾಗಿ ಗೊತ್ತಾಗುತ್ತದೆ. ಬಳಸುವ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ತಿಳಿಸಿ. ಬಾಯಿಮಾತಿನಲ್ಲಿ ಕೊಟ್ಟ ರಜೆ ಮುಂದೆ ಲೆಕ್ಕಕ್ಕೆ ಸಿಗುವುದಿಲ್ಲ.

ಕಳೆದ ದಿನಗಳನ್ನು ತುಂಬುವಾಗ ಯಾರ ಸಮಯ ತೆಗೆದುಕೊಳ್ಳುತ್ತಿದ್ದೇವೆ ಎಂಬುದನ್ನು ನೋಡಲೇಬೇಕು. ಶನಿವಾರ ಅರ್ಧ ದಿನ ಇರುವುದರಿಂದ ಎರಡು ಶನಿವಾರದ ಮಧ್ಯಾಹ್ನ ಸೇರಿದರೆ ಸುಮಾರು ಒಂದು ದಿನ. ಐದು ದಿನ ತುಂಬಲು ಹತ್ತು ಶನಿವಾರ ಬೇಕು. ಬೇಗ ಮುಗಿಸುವ ಆತುರದಲ್ಲಿ ಭಾನುವಾರ ಬೆಳಿಗ್ಗೆ ತರಗತಿ ಇಟ್ಟರೆ ಚರ್ಚಿಗೆ ಹೋಗುವ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಬೆಳಿಗ್ಗೆ ಬೇಗ ಇಟ್ಟರೆ ಮದ್ರಸಕ್ಕೆ ಹೋಗಿ ಬರುವ ಮಕ್ಕಳಿಗೆ ತಿಂಡಿಗೂ ಹೊತ್ತಿರದು. ಶುಕ್ರವಾರ ಮಧ್ಯಾಹ್ನದ ವಿರಾಮ ಕಡಿಮೆ ಮಾಡಿದರೆ ಜುಮಾ ನಮಾಜಿಗೆ ಹೋಗುವ ದೊಡ್ಡ ಮಕ್ಕಳಿಗೆ ತೊಂದರೆ. ಶನಿವಾರ ಮಧ್ಯಾಹ್ನ ಎಲ್ಲರಿಗೂ ಸರಿಹೋಗುವ ಹೊತ್ತು. ನಿಧಾನವಾದರೂ ಅದನ್ನೇ ಹಿಡಿಯಿರಿ.

ಹಬ್ಬದ ದಿನವನ್ನು ಯಾರು ಗೊತ್ತುಮಾಡುತ್ತಾರೆ?

ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲೇ. ಪ್ರತಿ ಹಬ್ಬದ ದಿನ ಒಂದೊಂದು ರೀತಿಯಲ್ಲಿ ಗೊತ್ತಾಗುತ್ತದೆ. ಯಾವುದು ಎಷ್ಟು ಮುಂಚೆ ಖಚಿತವಾಗುತ್ತದೆ ಎಂಬುದು ತಿಳಿದಿದ್ದರೆ ಪರೀಕ್ಷಾ ವೇಳಾಪಟ್ಟಿ ಮತ್ತೆ ಮತ್ತೆ ತಿದ್ದುವ ಕೆಲಸ ತಪ್ಪುತ್ತದೆ.

ಕ್ರಿಸ್‌ಮಸ್ ಡಿಸೆಂಬರ್ 25, ಅಲುಗಾಡುವುದಿಲ್ಲ. ಸೂರ್ಯನ ಸಂಕ್ರಮಣ ನೋಡಿ ಮಾಡುವ ಮಕರ ಸಂಕ್ರಾಂತಿ, ಪೊಂಗಲ್, ವಿಷು, ಕಾವೇರಿ ಸಂಕ್ರಮಣ ಹೆಚ್ಚೆಂದರೆ ಒಂದು ದಿನ ಆಚೀಚೆ ಆಗುತ್ತವೆ. ಕಾವೇರಿ ಸಂಕ್ರಮಣ ಅಕ್ಟೋಬರ್ 17 ಅಥವಾ 18ರ ಸುಮಾರಿಗೆ. ತಲಕಾವೇರಿಯಲ್ಲಿ ತೀರ್ಥೋದ್ಭವದ ಮುಹೂರ್ತ ಹಗಲೂ ಆಗಬಹುದು, ನಡುರಾತ್ರಿಯೂ ಆಗಬಹುದು. ರಾತ್ರಿಯಾದರೆ ಮರುದಿನ ಮಕ್ಕಳು ತೂಕಡಿಸುತ್ತಾರೆ, ಭಾಗಮಂಡಲ ರಸ್ತೆಯ ಬಸ್ಸುಗಳೂ ತಡ. ದಸರಾ ರಜೆಯೊಳಗೇ ಇದು ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ, ರಜೆಯ ದಿನಗಳು ವರ್ಷ ವರ್ಷ ಬದಲಾಗುತ್ತವೆ.

ಕೈಲ್ ಮುಹೂರ್ತದ ರಜೆ ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ. ಆದರೆ ಕೆಲವು ನಾಡುಗಳಲ್ಲಿ ಕೈಲ್‌ಪೊಳ್ದ್ ಆಚರಿಸುವ ದಿನ ಬೇರೆ. ನಿಮ್ಮ ಶಾಲೆಗೆ ಎರಡು ನಾಡುಗಳಿಂದ ಮಕ್ಕಳು ಬರುತ್ತಿದ್ದರೆ ಒಂದು ಗುಂಪು ರಜೆಯ ದಿನ ಹಬ್ಬ ಮಾಡುತ್ತದೆ, ಇನ್ನೊಂದು ಗುಂಪು ಶಾಲೆ ಇರುವ ದಿನ. ಓಣಂ ಕೂಡ ಆಗಸ್ಟ್, ಸೆಪ್ಟೆಂಬರ್‌ನಲ್ಲೇ. ಆ ದಿನಗಳು ಮೊದಲ ಸಂಕಲನಾತ್ಮಕ ಪರೀಕ್ಷೆಯ ತಯಾರಿಗೆ ತಾಗುತ್ತವೆ.

ಹುತ್ತರಿಯದು ಬೇರೆಯೇ ಕ್ರಮ. ಹುಣ್ಣಿಮೆಯ ಆಸುಪಾಸು, ರೋಹಿಣಿ ನಕ್ಷತ್ರ ನೋಡಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಮತ್ತು ಮುಹೂರ್ತ ಗೊತ್ತುಮಾಡುತ್ತಾರೆ. ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಊಟಕ್ಕೆ ಬೇರೆ ಬೇರೆ ಹೊತ್ತು ಪ್ರಕಟವಾಗುತ್ತದೆ. ಸರ್ಕಾರಿ ಪಟ್ಟಿಯ ದಿನಾಂಕ ಅಚ್ಚಾಗುವುದು ಅದಕ್ಕೆ ಎಷ್ಟೋ ತಿಂಗಳು ಮುಂಚೆ. ಎರಡೂ ಹೊಂದಿದರೆ ಸರಿ. ಹೊಂದದಿದ್ದರೆ ಜಿಲ್ಲಾಧಿಕಾರಿಗಳ ಆದೇಶವನ್ನೇ ನೋಡಿ ನಡೆಯಿರಿ, ವಾಟ್ಸಾಪ್‌ನಲ್ಲಿ ಬಂದ ಕಾಗದದ ಚಿತ್ರ ನಂಬಿ ಮಕ್ಕಳನ್ನು ಮನೆಗೆ ಕಳಿಸಬೇಡಿ. ಮುಹೂರ್ತ ಸಾಮಾನ್ಯವಾಗಿ ರಾತ್ರಿ. ಕದಿರು ಮನೆಗೆ ಬಂದು, ತಂಬುಟ್ಟು (ಬಾಳೆಹಣ್ಣಿಗೆ ಹುರಿದ ಹಿಟ್ಟು ಕಲಸಿದ ತಿಂಡಿ) ತಿಂದು, ಪಟಾಕಿ ಸದ್ದಡಗಿ ಮಕ್ಕಳು ಮಲಗುವಾಗ ಹೊತ್ತು ಮೀರಿರುತ್ತದೆ. ಆಮೇಲಿನ ದಿನಗಳಲ್ಲಿ ಊರು ಸೇರುವ ಬಯಲಾದ ಮಂದ್‌ಗಳಲ್ಲಿ ಕೋಲಾಟ ಇರುತ್ತದೆ. ಹುತ್ತರಿಯ ನಂತರದ ಎರಡು ಕೆಲಸದ ದಿನ ಯಾವ ಪರೀಕ್ಷೆಯನ್ನೂ ಇಡದಿರುವುದು ಒಳ್ಳೆಯದು.

ಮುಸ್ಲಿಮರ ಹಬ್ಬಗಳು ಚಂದ್ರದರ್ಶನದ ಮೇಲೆ ನಿಂತಿವೆ. ಹಿಜರಿ ವರ್ಷ ಸುಮಾರು 354 ದಿನದ್ದು, ಆದ್ದರಿಂದ ಪ್ರತಿ ವರ್ಷ ಹಬ್ಬ 10-11 ದಿನ ಹಿಂದಕ್ಕೆ ಸರಿಯುತ್ತದೆ. ಇಲ್ಲಿ ಶಿಕ್ಷಕರಿಗೆ ಉಪಯೋಗಕ್ಕೆ ಬರುವ ಒಂದು ವ್ಯತ್ಯಾಸವಿದೆ. ಬಕ್ರೀದ್ ಬರುವುದು ತಿಂಗಳ ಹತ್ತನೆಯ ದಿನ, ಹಾಗಾಗಿ ಒಂಬತ್ತು-ಹತ್ತು ದಿನ ಮುಂಚೆಯೇ ಖಚಿತ. ರಂಜಾನ್ ಹಬ್ಬ ತಿಂಗಳ ಮೊದಲ ದಿನ, ಅದು ಹಿಂದಿನ ಸಂಜೆ ಮಾತ್ರ ಖಚಿತ. ಕೊಡಗಿನ ಮಸೀದಿಗಳು ಹಲವು ಸಲ ಕೇರಳದ ಚಂದ್ರದರ್ಶನವನ್ನು ಅನುಸರಿಸುವುದರಿಂದ ಬೆಂಗಳೂರಿನ ಪಟ್ಟಿಯ ದಿನಕ್ಕೂ ಇಲ್ಲಿನ ಹಬ್ಬಕ್ಕೂ ಒಂದು ದಿನದ ಅಂತರ ಬೀಳಬಹುದು. ಪಟ್ಟಿಯ ದಿನದ ಹಿಂದೆ ಒಂದು, ಮುಂದೆ ಒಂದು ದಿನ ಪರೀಕ್ಷೆ ಇಲ್ಲದೆ ಬಿಡಿ. ಪಟ್ಟಿಯ ದಿನ ಹಬ್ಬ ಬೀಳದಿದ್ದರೆ ಮುಸ್ಲಿಂ ನೌಕರರಿಗೆ ಹಬ್ಬದ ದಿನವೇ ರಜೆ ಮಂಜೂರು ಮಾಡಲು ಸರ್ಕಾರದ ಅಧಿಸೂಚನೆಯಲ್ಲೇ ಅವಕಾಶವಿದೆ. ಶಿಕ್ಷಕರಿಗೆ ಸಿಗುವ ಈ ಸೌಲಭ್ಯದ ನ್ಯಾಯ ಮಕ್ಕಳ ಹಾಜರಿಗೂ ಸಿಗಬೇಕು.

ಗುಡ್ ಫ್ರೈಡೇ ಮಾರ್ಚ್ 20ರಿಂದ ಏಪ್ರಿಲ್ 23ರೊಳಗೆ ಎಲ್ಲಿ ಬೇಕಾದರೂ ಬರಬಹುದು. ವಾರ್ಷಿಕ ಪರೀಕ್ಷೆಯ ಹೊತ್ತು ಅದು. ಕ್ರಿಸ್‌ಮಸ್‌ಗೆ ಹೆಚ್ಚು ದಿನ ರಜೆ ಬೇಕೆನ್ನುವ ಸಂಸ್ಥೆಗಳು ಉಪನಿರ್ದೇಶಕರಿಗೆ ಮೊದಲೇ ಮನವಿ ಕೊಟ್ಟು, ದಸರಾ ರಜೆಯಲ್ಲಿ ಅಷ್ಟು ದಿನ ಕಡಿತ ಮಾಡಿಕೊಳ್ಳುವ ಪದ್ಧತಿ ಇದೆ. ಸೆಪ್ಟೆಂಬರ್ ದಾಟಿದ ಮೇಲೆ ಕೇಳಿದರೆ ಕಡಿತ ಮಾಡಲು ದಸರಾ ರಜೆಯೇ ಉಳಿದಿರುವುದಿಲ್ಲ.

ಪಟ್ಟಿಯಲ್ಲಿ ಇಲ್ಲದ ಹಬ್ಬಗಳು

ದಾಖಲಾತಿ ಮುಗಿದ ಮೇಲೆ ಪ್ರತಿ ಮನೆಗೂ ಒಂದು ಚೀಟಿ ಕಳಿಸಿ. ಅದರಲ್ಲಿ ಮೂರೇ ಪ್ರಶ್ನೆ ಇರಲಿ: ವರ್ಷದಲ್ಲಿ ಯಾವ ಯಾವ ಹಬ್ಬಕ್ಕೆ ಮಗು ಶಾಲೆಗೆ ಬರುವುದಿಲ್ಲ? ಮಗು ಯಾವ ಪದಾರ್ಥ ತಿನ್ನುವುದಿಲ್ಲ, ಯಾವ ದಿನ ಉಪವಾಸ? ಶಾಲೆಯ ಯಾವುದಾದರೂ ಕಾರ್ಯಕ್ರಮದಿಂದ ಮಗುವನ್ನು ದೂರ ಇಡಬೇಕೆ? ಜಾತಿ, ಧರ್ಮ ಕೇಳುವ ಕಾಲಂ ಬೇಡ. ಅದು ದಾಖಲಾತಿಯಲ್ಲಿ ಇದ್ದೇ ಇದೆ, ಇಲ್ಲಿ ಅದರ ಅಗತ್ಯವಿಲ್ಲ.

ಓದು ಬರಹ ಬಾರದ ಮನೆಗಳಿಂದ ಈ ಚೀಟಿ ಖಾಲಿಯಾಗಿ ಬರುತ್ತದೆ. ಖಾಲಿ ಬಂದರೆ ಹಬ್ಬವೇ ಇಲ್ಲ ಎಂದು ತಿಳಿಯಬಾರದು. ಹಾಡಿಯ ಪೂಜೆ, ಕುಣಿತ, ಹಬ್ಬಗಳ ದಿನ ಹಾಡಿಯ ಹಿರಿಯರನ್ನೋ ಅಂಗನವಾಡಿ ಕಾರ್ಯಕರ್ತೆಯನ್ನೋ ಕೇಳಿದರೆ ಗೊತ್ತಾಗುತ್ತದೆ. ಲೈನ್‌ಮನೆಯ ಅಸ್ಸಾಮಿ ಕುಟುಂಬಗಳಿಗೆ ಏಪ್ರಿಲ್ ಮಧ್ಯದ ಬಿಹು ದೊಡ್ಡ ಹಬ್ಬ. ಟಿಬೆಟನ್ ಮನೆಗಳಿಗೆ ಫೆಬ್ರವರಿ, ಮಾರ್ಚ್‌ನ ಲೋಸಾರ್. ಈ ಮಕ್ಕಳು ಮೂರು ದಿನ ಕಾಣೆಯಾದಾಗ 'ಇವರು ಹೀಗೇ' ಎಂದು ಷರಾ ಬರೆಯುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಅವರ ಹಬ್ಬಕ್ಕೆ ಸರ್ಕಾರಿ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ, ಅಷ್ಟೇ.

ಹಾಜರಿಯ ವಿಷಯ. ಪಟ್ಟಿಯಲ್ಲಿಲ್ಲದ ಹಬ್ಬಕ್ಕೆ ಮಗು ಬಾರದಿದ್ದರೆ ಪೋಷಕರ ಒಂದು ಸಾಲಿನ ಪತ್ರ ಪಡೆದು ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಶೇ. 75 ಹಾಜರಿ ಬೇಕಿರುವುದರಿಂದ ಪ್ರೌಢಶಾಲೆಯಲ್ಲಿ ತಿಂಗಳಿಗೊಮ್ಮೆ ಲೆಕ್ಕ ನೋಡಿ, ಕಡಿಮೆಯಾಗುತ್ತಿದ್ದರೆ ಮನೆಗೆ ತಿಳಿಸಿ. 'ಶೇ. 100 ಹಾಜರಿ' ಬಹುಮಾನ ಕೊಡುವ ಶಾಲೆಗಳು ಅದನ್ನೊಮ್ಮೆ ಮರುಯೋಚಿಸಬೇಕು. ಪಟ್ಟಿಯಲ್ಲಿ ಹಬ್ಬ ಇರುವ ಮನೆಯ ಮಗುವಿಗೆ ಆ ಬಹುಮಾನ ಸಿಗುತ್ತದೆ, ಇಲ್ಲದ ಮನೆಯ ಮಗುವಿಗೆ ಎಂದೂ ಸಿಗುವುದಿಲ್ಲ. ಬಹುಮಾನ ಕೊಡಲೇಬೇಕೆಂದಿದ್ದರೆ ಪತ್ರ ಕೊಟ್ಟ ಹಬ್ಬದ ದಿನಗಳನ್ನು ಬಿಟ್ಟು ಎಣಿಸಿ.

ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಬಾರದ ದಿನ ಹೊಸ ಪಾಠ ಶುರುಮಾಡಬೇಡಿ. ಪುನರಾವರ್ತನೆ, ಓದುವ ಅಭ್ಯಾಸ, ಗಣಿತದ ಲೆಕ್ಕಗಳು ಇರಲಿ. ಬಂದ ಮಕ್ಕಳಿಗೂ ಉಪಯೋಗ, ಬಾರದವರಿಗೂ ನಷ್ಟವಿಲ್ಲ.

ಬಿಸಿಯೂಟ

ರಜೆ ಘೋಷಿಸದ ದಿನ ಎಷ್ಟೇ ಕಡಿಮೆ ಮಕ್ಕಳು ಬಂದರೂ ಒಲೆ ಹೊತ್ತಲೇಬೇಕು. ಹಬ್ಬದ ದಿನ ಬರುವವರಲ್ಲಿ ಮನೆಯಲ್ಲಿ ವಿಶೇಷ ಅಡುಗೆ ಇಲ್ಲದ ಮಕ್ಕಳೇ ಹೆಚ್ಚು. ಅಳತೆ ಗೊತ್ತಿರುವಂಥದ್ದೇ: 1ರಿಂದ 5ಕ್ಕೆ ತಲಾ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ಕ್ಕೆ 150, 30, 75 ಗ್ರಾಂ. ಕಿರಿಯರು 50, ಹಿರಿಯರು 30 ಇರುವ ಶಾಲೆಯಲ್ಲಿ ಪೂರ್ತಿ ಹಾಜರಿಗೆ 5 ಮತ್ತು 4.5, ಒಟ್ಟು 9.5 ಕಿಲೋ ಅಕ್ಕಿ, 1.9 ಕಿಲೋ ಬೇಳೆ. ಊರ ನಮ್ಮೆಯ ದಿನ ಅರ್ಧ ಮಕ್ಕಳು ಬಂದರೆ 4.75 ಕಿಲೋ ಅಕ್ಕಿ ಸಾಕು. ಆದ್ದರಿಂದ ಅಂಥ ದಿನ ಮೊದಲ ಅವಧಿಯಲ್ಲೇ ಎಣಿಕೆ ಮುಗಿಸಿ ಅಡುಗೆಯವರಿಗೆ ಸಂಖ್ಯೆ ಕೊಡಿ. ಹಿಂದಿನ ದಿನದ ಸಂಖ್ಯೆ ನೋಡಿ ಅಕ್ಕಿ ಹಾಕಿದರೆ ಅನ್ನ ಚೆಲ್ಲಬೇಕಾಗುತ್ತದೆ.

ಮೊಟ್ಟೆ ಕೊಡುವ ದಿನ ತಿನ್ನದವರಿಗೆ ಬಾಳೆಹಣ್ಣು ಇದೆ. ಇಲ್ಲಿ ತಪ್ಪು ಆಗುವುದು ಎಣಿಕೆಯಲ್ಲಿ. ಜೂನ್‌ನಲ್ಲಿ 'ಮೊಟ್ಟೆ ತಿನ್ನುತ್ತಾನೆ' ಎಂದು ಬರೆಸಿದ ಮಗು ಶ್ರಾವಣದಲ್ಲೋ, ಶಬರಿಮಲೆ ಮಾಲೆ ಹಾಕಿದ 41 ದಿನವೋ ತಿನ್ನುವುದಿಲ್ಲ. ನವೆಂಬರ್ ಮಧ್ಯದಲ್ಲಿ ಪಟ್ಟಿಯನ್ನು ಮತ್ತೊಮ್ಮೆ ಕೇಳಿ ತಿದ್ದಿ. ತಿನ್ನುವವರಿಗೊಂದು ಸಾಲು, ತಿನ್ನದವರಿಗೊಂದು ಸಾಲು ಮಾಡಿ ಕೂರಿಸಬೇಡಿ. ಎಲ್ಲರೂ ಒಟ್ಟಿಗೆ ಕೂರಲಿ, ಬಡಿಸುವವರು ಕೇಳಿ ಬಡಿಸಲಿ.

ಹಬ್ಬದ ತಿಂಡಿ ಹಂಚುವ ಆಸೆ ಎಲ್ಲ ಮನೆಗೂ ಇರುತ್ತದೆ. ತರಗತಿಯಲ್ಲಿ ಹಂಚುವುದು ಸಸ್ಯಾಹಾರವೇ ಆಗಿರಲಿ, ಮೊಟ್ಟೆಯೂ ಬೇಡ. ಕೈಲ್‌ಪೊಳ್ದ್‌ನ ಮರುದಿನ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಪಂದಿ ಕರಿಯೂ (ಹಂದಿ ಮಾಂಸ) ಡಬ್ಬಿಯಲ್ಲಿ ಬರಬಹುದು, ಬಕ್ರೀದ್‌ನ ಮರುದಿನ ಮಾಂಸದೂಟ ಬರಬಹುದು. ಮಗು ತನ್ನ ಡಬ್ಬಿಯದನ್ನು ತಾನು ತಿಂದರೆ ಯಾರೂ ಮಾತಾಡಬೇಕಿಲ್ಲ. ಗೆಳೆಯರಿಗೆ ಹಂಚುವುದು ಬೇಡ ಎಂದು ಮೊದಲೇ, ಯಾವ ಪದಾರ್ಥದ ಹೆಸರನ್ನೂ ಎತ್ತದೆ, ಇಡೀ ತರಗತಿಗೆ ಹೇಳಿ. ತಂಬುಟ್ಟು ರುಚಿ ತೋರಿಸಬೇಕೆಂದಿದ್ದರೆ ಆ ಹೊತ್ತಿಗೇ ಕಲಸಿ, ಒಬ್ಬರಿಗೆ ಒಂದು ದೊಡ್ಡ ಚಮಚದಷ್ಟು. ಕಳಿತ ಹಣ್ಣಿಗೆ ಕಲಸಿಟ್ಟ ಹಿಟ್ಟು ಸಂಜೆಯವರೆಗೆ ಇಡುವಂಥದ್ದಲ್ಲ. ಎಳ್ಳು, ಕಡಲೆಬೀಜ ಆಗದ ಮಕ್ಕಳಿದ್ದಾರೆಯೇ ಎಂದು ಮೊದಲು ಕೇಳಿ.

ಉಪವಾಸದಲ್ಲಿರುವ ಮಗು, ಮಾಲೆ ಹಾಕಿದ ಮಗು

ರಂಜಾನ್ ತಿಂಗಳು 2026ರಲ್ಲಿ ಫೆಬ್ರವರಿ-ಮಾರ್ಚ್‌ಗೆ ಬಂದಿದೆ. ಅದು ವಾರ್ಷಿಕ ಪರೀಕ್ಷೆಯ ತಯಾರಿಯ ಕಾಲ, ಮಧ್ಯಾಹ್ನದ ಬಿಸಿಲೂ ಏರುತ್ತಿರುವ ಕಾಲ. ಉಪವಾಸದ ಮಗು ನಸುಕಿಗೆ ಮುಂಚೆ ಎದ್ದು ತಿಂದಿರುತ್ತದೆ, ಸಂಜೆ ಸುಮಾರು ಆರೂವರೆಯವರೆಗೆ ನೀರನ್ನೂ ಕುಡಿಯುವುದಿಲ್ಲ. ಕಷ್ಟದ ಪಾಠ, ಕಿರುಪರೀಕ್ಷೆ ಬೆಳಗಿನ ಅವಧಿಯಲ್ಲಿ ಇಡಿ. ದೈಹಿಕ ಶಿಕ್ಷಣದಲ್ಲಿ ಓಟ, ಕಬಡ್ಡಿ ಬಿಟ್ಟು ನೆರಳಿನ ಆಟ ಆಡಿಸಿ, ಇಲ್ಲವೇ ಅಂಕ ಬರೆಯುವ ಕೆಲಸ ಕೊಡಿ. ಊಟದ ಹೊತ್ತಿನಲ್ಲಿ ವಾಚನಾಲಯದಲ್ಲಿ ಕೂರಲು ಜಾಗ ಮಾಡಿ, ಊಟದ ಕೋಣೆಯಲ್ಲೇ ಕೂರಬೇಕೆಂದು ಹೇಳಬೇಡಿ. ಎಸ್ಸೆಸ್ಸೆಲ್ಸಿ ವಿಶೇಷ ತರಗತಿ ಸಂಜೆ 5ಕ್ಕೆ ಮುಗಿದರೆ ದೂರದ ಮಕ್ಕಳೂ ಇಫ್ತಾರ್ ಹೊತ್ತಿಗೆ ಮನೆ ಸೇರುತ್ತಾರೆ.

ಚಿಕ್ಕ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ, ಆದರೂ ಅಣ್ಣ ಅಕ್ಕಂದಿರನ್ನು ನೋಡಿ ಹಿಡಿಯುತ್ತಾರೆ. ತಲೆಸುತ್ತು, ತಣ್ಣನೆಯ ಬೆವರು, ಮಂಕು ಕಂಡರೆ ಮಲಗಿಸಿ, ಸಕ್ಕರೆ ಬೆರೆಸಿದ ನೀರು ಕೊಟ್ಟು ಮನೆಗೆ ಫೋನ್ ಮಾಡಿ. ಆಮೇಲೆ ಆ ಮಗುವಿನ ಎದುರು ಉಪವಾಸವನ್ನು ಟೀಕಿಸುವುದೂ ಬೇಡ, 'ನೀನು ಎಷ್ಟು ದಿನ ಹಿಡಿದೆ' ಎಂದು ತರಗತಿಯ ಎದುರು ಕೇಳುವುದೂ ಬೇಡ. ಎರಡನೆಯದರಿಂದ ಹಿಡಿಯದ ಮಗುವಿಗೆ ಅವಮಾನ.

ಅಯ್ಯಪ್ಪ ಮಾಲೆ ಹಾಕಿದ ಮಕ್ಕಳು ನವೆಂಬರ್ ಮಧ್ಯದಿಂದ ಬರಿಗಾಲಲ್ಲಿ ಬರುತ್ತಾರೆ. ಡಿಸೆಂಬರ್‌ನ ಕೊಡಗಿನ ಚಳಿಯಲ್ಲಿ ಬೆಳಗಿನ ಪ್ರಾರ್ಥನೆಗೆ ಇಬ್ಬನಿಯ ಹುಲ್ಲಿನ ಮೇಲೆ ನಿಲ್ಲಿಸುವ ಬದಲು ಜಗಲಿಯಲ್ಲಿ ನಿಲ್ಲಿಸಿ. ಶೂ ಹಾಕಿಲ್ಲವೆಂದು ದಂಡ ಬೇಡ. ಸಮವಸ್ತ್ರದ ವಿಷಯದಲ್ಲಿ ಒಂದು ಮಗುವಿಗೆ ಯಾವ ಅಳತೆಯೋ ಎಲ್ಲರಿಗೂ ಅದೇ ಅಳತೆ ಇರಬೇಕು. ಒಬ್ಬರಿಗೆ ಕಣ್ಣುಮುಚ್ಚಿ ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸುವ ಶಾಲೆ ಊರಿನ ನಂಬಿಕೆ ಕಳೆದುಕೊಳ್ಳುತ್ತದೆ.

ಹಬ್ಬವನ್ನು ಪಾಠವಾಗಿಸುವುದು

ರಜೆಯ ಹಿಂದಿನ ಕೆಲಸದ ದಿನ 15 ನಿಮಿಷ ಸಾಕು. ಹೇಳುವ ಕ್ರಮ: ಈ ಹಬ್ಬ ಯಾವ ಋತುವಿನದು, ಬೇಸಾಯದ ಯಾವ ಕೆಲಸ ಮುಗಿದ ಮೇಲೆ ಬರುತ್ತದೆ, ಮನೆಯಲ್ಲಿ ಏನೇನು ಮಾಡುತ್ತಾರೆ, ಊರಿನಲ್ಲಿ ಯಾರೆಲ್ಲ ಸೇರುತ್ತಾರೆ. 'ನಾವು ಹೀಗೆ ಮಾಡುತ್ತೇವೆ' ಎನ್ನುವ ಬದಲು 'ಈ ಹಬ್ಬ ಮಾಡುವವರ ಮನೆಯಲ್ಲಿ ಹೀಗೆ ನಡೆಯುತ್ತದೆ' ಎನ್ನಿ. ತರಗತಿಯಲ್ಲಿರುವ ಒಬ್ಬಳೇ ಕ್ರೈಸ್ತ ಹುಡುಗಿಯನ್ನು ಎಬ್ಬಿಸಿ 'ನಿಮ್ಮ ಹಬ್ಬದ ಬಗ್ಗೆ ಹೇಳು' ಎನ್ನಬೇಡಿ. ಅವಳಿಗೆ ಇಷ್ಟವಿದೆಯೇ ಎಂದು ಹಿಂದಿನ ದಿನ ಒಬ್ಬಳನ್ನೇ ಕರೆದು ಕೇಳಿ.

ಹುತ್ತರಿ ಪಾಠಕ್ಕೆ ಒಳ್ಳೆಯ ಹಬ್ಬ. ಒಂದು ಕದಿರು ತಂದು ತೆನೆ, ಕಾಳು, ಹೊಟ್ಟು, ಅಕ್ಕಿ ಬೇರ್ಪಡಿಸಿ ತೋರಿಸಬಹುದು. ನಾಟಿಯಿಂದ ಕೊಯ್ಲಿನವರೆಗೆ ತಿಂಗಳ ಲೆಕ್ಕ ಮಾಡಿಸಬಹುದು. ಗದ್ದೆಗಳು ಕಡಿಮೆಯಾಗಿ ಕಾಫಿ, ಶುಂಠಿ ಬಂದ ಊರುಗಳಲ್ಲಿ ಕದಿರಿಗೆ ಪಕ್ಕದ ಊರಿಗೆ ಹೋಗಬೇಕಾದೀತು, ಅದನ್ನೂ ಮಕ್ಕಳೊಂದಿಗೆ ಮಾತಾಡಿ.

ಕೋಲಾಟ ಕಲಿಸುವುದಾದರೆ ಒಂದು ಮಗುವಿಗೆ ಒಂದೂವರೆ ಮೀಟರ್ ಜಾಗ ಬೇಕು. 20 ಮಕ್ಕಳ ಸುತ್ತಿಗೆ ಸುಮಾರು 5 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಜಾಗ ಕಡಿಮೆಯಾದರೆ ಬೆರಳಿಗೆ ಪೆಟ್ಟು ಖಂಡಿತ. ಬೆತ್ತದಿಂದ ಮೊಣಕಾಲ ಕೆಳಗೆ ಹೊಡೆಯುವ ಪರಿಯಕಳಿ ಶಾಲೆಗೆ ಬೇಡ. ಮಂದ್‌ನ ಆಚರಣೆಗೆ ಅದರದೇ ಕಟ್ಟುಪಾಡುಗಳಿವೆ. ಶಾಲೆಯಲ್ಲಿ ಆಡಿಸುವ ಮುಂಚೆ ಊರಿನ ತಕ್ಕರನ್ನೋ (ಮುಖ್ಯಸ್ಥರು) ತಿಳಿದ ಹಿರಿಯರನ್ನೋ ಒಂದು ಮಾತು ಕೇಳಿದರೆ ಅವರೇ ಬಂದು ದುಡಿಯ ಲಯ ಹೇಳಿಕೊಡುತ್ತಾರೆ. ಕುಪ್ಯಚೇಲೆ (ಕೊಡವ ಗಂಡಸರ ಉಡುಪು) ತೊಡಿಸುವಾಗ ಉಡಿಸಲು ಗೊತ್ತಿರುವವರನ್ನೇ ಕರೆಯಿರಿ. ಕೊಡವತಿ ಸೀರೆಯ ನೆರಿಗೆ ಹಿಂದಕ್ಕೆ ಬರಬೇಕು. ಸೊಂಟಕ್ಕೆ ರಟ್ಟಿನ ಪೀಚೆಕತ್ತಿ ಸಾಕು, ಮನೆಯ ನಿಜವಾದ ಕತ್ತಿ ಬಂದರೆ ಅಲ್ಲೇ ಪಡೆದು ಪೋಷಕರ ಕೈಗೆ ಕೊಡಿ.

ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಮನೆಯಲ್ಲಿ ಕೋವಿಗೆ ಪೂಜೆ ನಡೆದರೂ ಕೋವಿ, ಒಡಿಕತ್ತಿ, ಏರ್‌ಗನ್ ಯಾವುದೂ ಶಾಲೆಯ ಗೇಟಿನೊಳಗೆ ಬರಕೂಡದು, ಪ್ರದರ್ಶನಕ್ಕೂ ಬೇಡ. ಚಿತ್ರ ತೋರಿಸಿ. ಇನ್ನೊಂದು ಎಚ್ಚರಿಕೆಯನ್ನು ಹಲವರು ಮರೆಯುತ್ತಾರೆ. ಕೋವಿಗೆ ಇಡುವ ತೋಕ್‌ಪೂ (ಅಗ್ನಿಶಿಖೆ ಹೂ) ನೋಡಲು ಚೆಂದ, ಆದರೆ ಗಿಡದ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ, ಗೆಡ್ಡೆಯಲ್ಲಂತೂ ಹೆಚ್ಚು. ನಲಿಕಲಿ ಮಕ್ಕಳ ಕೈಗೆ ಕೊಡಬೇಡಿ, ಹೂದಾನಿಯಲ್ಲಿಟ್ಟ ನೀರನ್ನೂ ಕೈಗೆಟುಕದಂತೆ ಚೆಲ್ಲಿ. ಯಾರಾದರೂ ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡುತ್ತ ಕೂರದೆ, ಗಿಡದ ತುಂಡನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ವಾಂತಿ ಭೇದಿ ಕೆಲವು ಗಂಟೆ ತಡವಾಗಿ ಶುರುವಾಗುವುದರಿಂದ ಮಗು ಚೆನ್ನಾಗಿಯೇ ಇದೆ ಎಂದು ಕಾಯಬಾರದು.

ಶಾರದಾ ಪೂಜೆ, ಗಣಪತಿ, ಕ್ರಿಸ್‌ಮಸ್ ಗೋದಲಿ ಇವು ಬಹಳ ಶಾಲೆಗಳಲ್ಲಿ ಹಿಂದಿನಿಂದ ನಡೆದುಬಂದಿವೆ. ಅಂಥ ಕಡೆ ನಾಲ್ಕು ಶಿಸ್ತು ಪಾಲಿಸಿ: ಬೋಧನಾ ಅವಧಿಯಲ್ಲಿ ಬೇಡ. ಆ ಹೊತ್ತಿನಲ್ಲಿ ಹಾಜರಿ ಕರೆಯಬೇಡಿ. ಮಕ್ಕಳ ಕೈಯಿಂದ ಚಂದಾ ಎತ್ತಿಸಬೇಡಿ. ಬಾರದ ಮಕ್ಕಳಿಗೆ ಕತೆ ಪುಸ್ತಕವೋ ಆಟವೋ ಇರಲಿ, ಖಾಲಿ ಕೋಣೆಯಲ್ಲಿ ಕಾಯಿಸಬೇಡಿ. ಮಕ್ಕಳು ಕೈಮುಗಿದಿರುವ ಚಿತ್ರವನ್ನು ಮನೆಯವರ ಒಪ್ಪಿಗೆ ಇಲ್ಲದೆ ವಾಟ್ಸಾಪ್ ಗುಂಪಿಗೆ ಹಾಕಿದ್ದರಿಂದಲೇ ಎಷ್ಟೋ ತಕರಾರು ಹುಟ್ಟುತ್ತದೆ, ಅದನ್ನೂ ತಡೆಯಿರಿ.

ಮನೆಗೆ ಕಳಿಸುವ ಸೂಚನೆ

ಹಬ್ಬಕ್ಕೆ ಮೂರು ದಿನ ಮುಂಚೆ ಹೋಗಬೇಕು. ನಮೂನೆ:

"ಮಾನ್ಯ ಪೋಷಕರೆ, ಹುತ್ತರಿ ಹಬ್ಬದ ಪ್ರಯುಕ್ತ ದಿನಾಂಕ ____ ರಂದು ಶಾಲೆಗೆ ರಜೆ. ದಿನಾಂಕ ____ ರಂದು ಎಂದಿನಂತೆ ಬೆಳಿಗ್ಗೆ ____ ಗಂಟೆಗೆ ಶಾಲೆ ಇದೆ, ಬಿಸಿಯೂಟ ಇದೆ, ಅಂದು ಯಾವ ಪರೀಕ್ಷೆಯೂ ಇಲ್ಲ. ಕೋಲಾಟಕ್ಕೋ ನಮ್ಮೆಗೋ ಮಗು ಹೋಗಬೇಕಿದ್ದರೆ ಹಿಂದಿನ ದಿನ ಒಂದು ಸಾಲು ಬರೆದು ಕಳಿಸಿ. ಆ ದಿನದ ಪಾಠವನ್ನು ಮುಂದಿನ ಶನಿವಾರ ಮತ್ತೆ ಹೇಳಿಕೊಡಲಾಗುವುದು."

ಶುಭಾಶಯ ಸೇರಿಸುವುದಾದರೆ ಎಲ್ಲ ಹಬ್ಬದ ಸೂಚನೆಯಲ್ಲೂ ಸೇರಿಸಿ. ಗಣೇಶ ಚೌತಿಗೆ ಹೂವಿನ ಚಿತ್ರದ ಶುಭಾಶಯ, ಬಕ್ರೀದ್‌ಗೆ ಬರೀ 'ರಜೆ' ಎಂಬ ಪದ, ಇದನ್ನು ಪೋಷಕರು ಗಮನಿಸುತ್ತಾರೆ. ಕನ್ನಡ ಓದಲು ಬಾರದ ಲೈನ್‌ಮನೆಯ ಪೋಷಕರಿಗೆ ಧ್ವನಿ ಸಂದೇಶ ಕಳಿಸಿ. ಶಾಲೆ ಮತ್ತೆ ತೆರೆಯುವ ದಿನವನ್ನು ಎರಡು ಸಲ ಹೇಳಿ, ರಜೆಯ ಮರುದಿನ ಆ ಮಕ್ಕಳು ಬಾರದಿರುವುದಕ್ಕೆ ಬಹುಪಾಲು ಕಾರಣ ದಿನ ಗೊತ್ತಾಗದಿರುವುದು.

ರಿಜಿಸ್ಟರ್

ಇದಕ್ಕೆಲ್ಲ ಒಂದು 100 ಪುಟದ ನೋಟ್‌ಬುಕ್ ಸಾಕು. ಪ್ರತಿ ಹಬ್ಬಕ್ಕೆ ಒಂದು ಪುಟ: ಪಟ್ಟಿಯಲ್ಲಿದ್ದ ದಿನಾಂಕ, ಊರಿನಲ್ಲಿ ನಿಜವಾಗಿ ನಡೆದ ದಿನಾಂಕ, ಅಂದು ಮತ್ತು ಮರುದಿನ ಬಂದ ಮಕ್ಕಳ ಸಂಖ್ಯೆ, ಬೇಯಿಸಿದ ಅಕ್ಕಿ, ಬಂದ ತಕರಾರು, ಯಾರನ್ನು ಕೇಳಿದ್ದು. ಮುಖ್ಯ ಶಿಕ್ಷಕರಿಗೆ ವರ್ಗಾವಣೆಯಾದಾಗ ಚಾರ್ಜ್ ಪಟ್ಟಿಯಲ್ಲಿ ಈ ಪುಸ್ತಕವನ್ನೂ ಸೇರಿಸಿ, ಹೊಸಬರ ಸಹಿ ಪಡೆದು ಕೊಡಿ. ಡಿಸೆಂಬರ್‌ನಲ್ಲಿ ಹೊಸ ರಜೆ ಪಟ್ಟಿ ಬಂದ ವಾರದಲ್ಲೇ ಇದನ್ನು ತೆರೆದು ಜನವರಿಯಿಂದ ಏಪ್ರಿಲ್‌ವರೆಗಿನ ಪುಟಗಳನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ, ಪರೀಕ್ಷಾ ವೇಳಾಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟುಕೊಂಡು ದಿನಗಳನ್ನು ಗುರುತು ಮಾಡಿ.